ಹಾಡು ಮಾತ್ರ ಊರು ಸೇರಿತು

ಐರ್ಲೆಂಡಿನ ಕಾರ್ಕ್ ನಗರದಲ್ಲಿ ನನ್ನ ಮಗಳ ಸಂಸಾರವಿದೆ. ಹೋದ ವರ್ಷ ಅಲ್ಲಿದ್ದಾಗ ಒಂದು ಭಾನುವಾರ ಎಲ್ಲರೂ ರೈಲು ಹತ್ತಿ ಕೋವ್ ಎಂಬ ಬಂದರಿಗೆ ಹೋದೆವು. ಅರ್ಧ ಗಂಟೆಯ ದಾರಿ. ಗುಡ್ಡದ ಮೇಲೆ ದೊಡ್ಡ ಚರ್ಚು, ಇಳಿಜಾರಿನಲ್ಲಿ ಬಣ್ಣಬಣ್ಣದ ಮನೆಗಳು, ಎದುರಿಗೆ ಸಮುದ್ರ.

ದಂಡೆಯಲ್ಲಿ ಒಬ್ಬ ಹುಡುಗಿ, ಅವಳ ಇಬ್ಬರು ತಮ್ಮಂದಿರ ಪ್ರತಿಮೆ ಇದೆ. ಅವಳೇ ಆ್ಯನಿ ಮೂರ್. 1891ರ ಡಿಸೆಂಬರಿನಲ್ಲಿ ಇಲ್ಲಿ ಹಡಗು ಹತ್ತಿದಳು. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ಹೊಸ ವಲಸೆ ಕಚೇರಿಯಲ್ಲಿ ಮೊಟ್ಟಮೊದಲು ಹೆಸರು ಬರೆಸಿದವಳು ಅವಳೇ. ಆಗ ಅವಳಿಗೆ 17 ವರ್ಷ.

ಮಕ್ಕಳೇ, ಇಷ್ಟೊಂದು ಜನ ಊರು ಬಿಟ್ಟದ್ದೇಕೆ ಗೊತ್ತೇ? 1845ರಲ್ಲಿ ಅಲ್ಲಿನ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಬಡವರಿಗೆ ಅದೇ ಅನ್ನವಾಗಿತ್ತು. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಆಮೇಲೂ ವಲಸೆ ನಿಲ್ಲಲಿಲ್ಲ. ಹೊರಡುವ ಹಿಂದಿನ ರಾತ್ರಿ ನೆಂಟರಿಷ್ಟರು ಸೇರಿ ಬೆಳಗಿನವರೆಗೂ ಹಾಡಿ ಕುಣಿದು ಬೀಳ್ಕೊಡುತ್ತಿದ್ದರು. ಅದನ್ನು ‘ಅಮೆರಿಕನ್ ವೇಕ್’ ಎನ್ನುತ್ತಿದ್ದರು. ‘ವೇಕ್’ ಎಂದರೆ ಸತ್ತವರ ಮನೆಯಲ್ಲಿ ರಾತ್ರಿಯಿಡೀ ಎದ್ದು ಕೂರುವುದು. ಹೋದವರು ಮರಳುವುದು ಕಷ್ಟವೆಂದು ಎಲ್ಲರಿಗೂ ಗೊತ್ತಿತ್ತು.

ನಾವು ಊಟಕ್ಕೆ ಕುಳಿತ ಕಡೆ ವೃದ್ಧರೊಬ್ಬರು ಗಿಟಾರ್ ಹಿಡಿದು ‘ಸ್ಪ್ಯಾನ್ಸಿಲ್ ಹಿಲ್’ ಎಂಬ ಹಾಡು ಹಾಡುತ್ತಿದ್ದರು. ಮೊಮ್ಮಗಳು ಅರ್ಥ ಹೇಳಿದಳು. ಕ್ಲೇರ್ ಸೀಮೆಯ ಮೈಕೇಲ್ ಕನ್ಸಿಡೈನ್ ಎಂಬ ತರುಣ ಅಮೆರಿಕಕ್ಕೆ ಹೋಗಿ ಬರೆದದ್ದು. ಅವನು ಕನಸಿನಲ್ಲಿ ಊರಿಗೆ ಹೋಗುತ್ತಾನೆ. ಜಾತ್ರೆಯ ಸಡಗರ, ನೆರೆಹೊರೆಯವರು, ಮೆಚ್ಚಿದ ಹುಡುಗಿ, ಎಲ್ಲರೂ ಸಿಗುತ್ತಾರೆ. ಅಷ್ಟರಲ್ಲಿ ಕೋಳಿ ಕೂಗುತ್ತದೆ. ಕಣ್ಣು ಬಿಟ್ಟರೆ ಕ್ಯಾಲಿಫೋರ್ನಿಯಾ! ಎಳೆ ವಯಸ್ಸಿನಲ್ಲೇ ಅವನು ಅಲ್ಲೇ ತೀರಿಕೊಂಡ. ಹಾಡು ಮಾತ್ರ ಊರು ಸೇರಿತು.

ನನಗೆ ಕುಂದಾಪುರದ ಬ್ಯಾಂಕಿನ ಕೌಂಟರ್ ನೆನಪಾಯಿತು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ಮಕ್ಕಳು ಕಳಿಸಿದ ಡ್ರಾಫ್ಟ್ ಹಿಡಿದು ತಾಯಂದಿರು ಬರುತ್ತಿದ್ದರು. ಒಬ್ಬ ಅಜ್ಜಿ ಪ್ರತಿ ಸಲವೂ ಕೇಳುತ್ತಿದ್ದರು: ‘ಮಗ ಯಾವಾಗ ಬರ್ತಾನೆ ಅಂತ ಇದರಲ್ಲಿ ಬರ್ದಿದ್ಯಾ ಮಾರಾಯ್ರೇ?’ ಡ್ರಾಫ್ಟಿನಲ್ಲಿ ಇದ್ದದ್ದು ಮೊತ್ತ, ತಾರೀಖು, ಸಹಿ. ಅಷ್ಟೇ. ನಾನು ದುಡ್ಡು ಎಣಿಸಿ ಕೊಟ್ಟು ಸುಮ್ಮನಾಗುತ್ತಿದ್ದೆ.

ಮರಳುವಾಗ ರೈಲಿನಲ್ಲಿ ಅದೇ ಪ್ರಶ್ನೆ ನನ್ನ ಬಾಯಿಂದ ಬಂತು. ‘ಪುಟ್ಟಿ, ಊರಿಗೆ ಯಾವಾಗ ಬರ್ತೀರಿ?’

‘ಜುಲೈ ರಜೆಗೆ ಅಜ್ಜ. ವಿಮಾನ ಇದೆಯಲ್ಲ!’

ಹೌದು, ಆ್ಯನಿಯ ಕಾಲದಲ್ಲಿ ಅದಿರಲಿಲ್ಲ. ನಾನೀಗ ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದೇನೆ.