ದೇಶವೂ ಕೋಶವೂ

ಹಿಂದಿನ ಸಂಸ್ಕೃತ ಪಾಠಶಾಲೆಗಳಲ್ಲಿ ಪ್ರತಿಪತ್ತು, ಅಷ್ಟಮಿ, ಚತುರ್ದಶಿ, ಪರ್ವದಿನಗಳು ಅನಧ್ಯಾಯದ ದಿನಗಳಾಗಿದ್ದುವು. ಆ ದಿನ ಹೊಸ ಪಾಠವಿಲ್ಲ. ವಿದ್ಯಾರ್ಥಿಗಳು ಬಟ್ಟೆ ಒಗೆದುಕೊಳ್ಳುವರು, ಹೊಳೆಯಲ್ಲಿ ಈಜುವರು, ಊರಿಗೆ ಕಾಗದ ಬರೆಯುವರು. ಅನಧ್ಯಾಯದಲ್ಲಿ ಕಲಿತದ್ದು ಅಧ್ಯಯನದಲ್ಲಿ ಕಲಿತದ್ದಕ್ಕಿಂತ ಕಡಮೆಯೇನಲ್ಲವೆಂಬುದನ್ನು ಆ ಶಾಲೆಗಳಲ್ಲಿ ಓದಿದವರೆಲ್ಲರೂ ಬಲ್ಲರು. ಗುರುಗಳ ಎದುರಿಗೆ ಮಾತ್ರ ಯಾರೂ ಹಾಗೆನ್ನರು. ಪಾಶ್ಚಾತ್ಯ ದೇಶಗಳಲ್ಲಿ ಆ ಸ್ಥಾನವು ಶನಿವಾರ ಭಾನುವಾರಗಳಿಗೆ ಸಂದಿದೆ. ಜರ್ಮನಿಯಲ್ಲಂತೂ ಭಾನುವಾರ ಅಂಗಡಿಗಳು ಮುಚ್ಚಿರಬೇಕೆಂಬುದು ಕಾನೂನಿನ ಕಟ್ಟಳೆ. ಶನಿವಾರವೇ ಹಾಲು ಅಕ್ಕಿ ತಂದಿಟ್ಟುಕೊಳ್ಳದವನು ಸೋಮವಾರದವರೆಗೆ ನೆರೆಯವನ ಬಾಗಿಲು ತಟ್ಟಬೇಕಾಗುತ್ತದೆ.

ಆ ದೇಶದ ಸ್ಟುಟ್‌ಗಾರ್ಟ್ ನಗರದಲ್ಲಿ ಯಂತ್ರಶಾಸ್ತ್ರವನ್ನು ವ್ಯಾಸಂಗಮಾಡುತ್ತಿದ್ದ ಐವರು ಕನ್ನಡ ವಿದ್ಯಾರ್ಥಿಗಳು 2024ನೆಯ ಇಸವಿಯ ಅಕ್ಟೋಬರಿನಲ್ಲಿ ಇಂಥದೊಂದು ಅನಧ್ಯಾಯವನ್ನು ಕಳೆಯಲು ಹೊರಟರು. ಎಲ್ಲಿಗೆ ಎಂಬ ಪ್ರಶ್ನೆಗೆ ಶುಕ್ರವಾರ ರಾತ್ರಿ ಹನ್ನೊಂದರವರೆಗೆ ಚರ್ಚೆ ನಡೆಯಿತು. ಬೆಂಗಳೂರಿನವನಿಗೆ ಪ್ಯಾರಿಸ್ ಬೇಕು. ಮೈಸೂರಿನವನಿಗೆ ಸ್ವಿಟ್ಸರ್ಲೆಂಡಿನ ಹಿಮ ಬೇಕು. ಮಂಗಳೂರಿನ ಹುಡುಗಿಗೆ ಎಲ್ಲಾದರೂ ಸರಿ, ಹೊರಟರೆ ಸಾಕು. ಶಿರಸಿಯವಳು, ವಯಸ್ಸಿನಲ್ಲಿ ಹಿರಿಯಳಾದುದರಿಂದ ಎಲ್ಲರ ಬಾಯಲ್ಲೂ ಅಕ್ಕನಾದವಳು, ಟ್ಯೂಬಿಂಗೆನ್ ಎಂಬ ಹೆಸರು ಹೇಳಿದಳು. ಅವಳ ಮನೆಯಲ್ಲಿ ತಾತನ ಕಾಲದ ಕಿಟ್ಟೆಲರ ಕೋಶವಿತ್ತು. ಕಿಟ್ಟೆಲರು ತಮ್ಮ ಕೊನೆಯ ದಿನಗಳನ್ನು ಕಳೆದ ಊರು ಅದು. ಕಡೆಗೆ ಅವಳ ಮಾತು ಗೆದ್ದದ್ದು ಕೋಶದ ಮಹಿಮೆಯಿಂದಲ್ಲ, ರೈಲಿನ ಚೀಟಿಯ ಮಹಿಮೆಯಿಂದ. 2023ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ಒಂದು ಮಾಸಿಕ ಚೀಟಿ ಜಾರಿಗೆ ಬಂದಿತ್ತು. ಆಗಿನ ಬೆಲೆ 49 ಯೂರೋ. ಅದನ್ನು ಕೊಂಡವನು ಶೀಘ್ರಗಾಮಿ ಬಂಡಿಗಳನ್ನು ಬಿಟ್ಟು ಉಳಿದ ಬಂಡಿಗಳಲ್ಲಿ ಇಡೀ ದೇಶವನ್ನು ಸುತ್ತಬಹುದು. ಐವರ ಹತ್ತಿರವೂ ಅಂಥ ಚೀಟಿ ಇತ್ತು. ಟ್ಯೂಬಿಂಗೆನ್ನಿನ ವಿದ್ಯಾರ್ಥಿನಿಲಯದಲ್ಲಿ ಮಂಗಳೂರಿನ ಹುಡುಗಿಯ ಗೆಳತಿಯಿದ್ದಳು. ರಾತ್ರಿ ತಂಗಲು ನೆಲವಾದರೂ ದೊರೆಯುವುದು. ಖರ್ಚಿಲ್ಲದ ಯಾತ್ರೆ!

ಆದರೂ ಗದಗಿನ ಕಡೆಯ ಹುಡುಗ ಒಪ್ಪಲಿಲ್ಲ. “ನನಗ ಓದೋದೈತಿ, ನೀವು ಹೋಗಿ ಬರ್ರಿ” ಎಂದನು. ಅವನು ಒಂದು ಯೂರೋ ಕೈಯಿಂದ ಬಿಟ್ಟಾಗಲೂ ಮನಸ್ಸಿನಲ್ಲಿ ತೊಂಬತ್ತರಿಂದ ಗುಣಿಸುವನೆಂದು ಗೆಳೆಯರು ನಗುತ್ತಿದ್ದರು. ನಗುವ ಮಾತಲ್ಲ ಅದು. ಭಾರತದಿಂದ ಹೋಗುವ ವಿದ್ಯಾರ್ಥಿ ಒಂದು ವರ್ಷದ ಜೀವನವೆಚ್ಚವನ್ನು ಮೊದಲೇ ಜರ್ಮನಿಯ ಖಾತೆಯಲ್ಲಿ ಇರಿಸಿ ತೋರಿಸಬೇಕು. ಅವನು ಹೋದ 2023ರಲ್ಲಿ ಆ ಮೊತ್ತ 11,208 ಯೂರೋ, ಎಂದರೆ ಹತ್ತು ಲಕ್ಷ ರೂಪಾಯಿಯಷ್ಟು. ಇದಲ್ಲದೆ ಆ ಪ್ರಾಂತದಲ್ಲಿ ಯೂರೋಪಿನ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ 2017ರಿಂದ ಅರ್ಧವರ್ಷಕ್ಕೆ 1,500 ಯೂರೋ ಶುಲ್ಕ. ತಂದೆ ನಾಲ್ಕು ಎಕರೆ ಹೊಲವನ್ನು ಒತ್ತೆಯಿಟ್ಟಿದ್ದರು. ಹೊಲವನ್ನು ಒತ್ತೆಯಿಟ್ಟು ಓದುತ್ತಿರುವವನ ಕಣ್ಣಿಗೆ ಯಾವ ವಿನೋದವೂ ಹೊಲದ ಒಂದು ತುಂಡಾಗಿಯೇ ಕಾಣುವುದು.

ಕೊನೆಗೆ ಅಕ್ಕ, “ನೀನು ಬಾರದಿದ್ದರೆ ನಾವೂ ಹೋಗುವುದಿಲ್ಲ ತಮ್ಮಾ” ಎಂದಳು. ಹೊರಟನು. ಊರಿನಿಂದ ಬಂದಿದ್ದ ಖಡಕ್ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಕಟ್ಟಿಕೊಂಡು ಹೊರಟನೆಂಬುದನ್ನು ಹೇಳದಿದ್ದರೆ ಅವನಿಗೆ ಅನ್ಯಾಯವಾದೀತು.

ಸ್ಟುಟ್‌ಗಾರ್ಟಿನಿಂದ ಟ್ಯೂಬಿಂಗೆನ್ನಿಗೆ ಒಂದು ಗಂಟೆಯ ದಾರಿ. ಬಂಡಿಯು ಮೊದಲು ನೆಕ್ಕರ್ ನದಿಯ ಪಕ್ಕದಲ್ಲಿ ಸಾಗಿ ಎಸ್ಲಿಂಗೆನ್ನನ್ನು ಮುಟ್ಟುತ್ತದೆ. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದ ಮೋಗ್ಲಿಂಗರು 1881ರಲ್ಲಿ ತೀರಿಕೊಂಡದ್ದು ಈ ಊರಿನಲ್ಲಿ. ಮಂಗಳೂರಿನ ಹುಡುಗಿಗೆ ಅದು ಗೊತ್ತಿರಲಿಲ್ಲ. ಅಕ್ಕನಿಂದ ತಿಳಿದು ಕಿಟಕಿಯ ಕಡೆಗೆ ತಿರುಗುವಷ್ಟರಲ್ಲಿ ನಿಲ್ದಾಣ ಹಿಂದೆ ಬಿದ್ದಿತ್ತು. ಬೆಂಗಳೂರಿನವನು ಮಹಾತ್ಮಾ ಗಾಂಧಿ ರಸ್ತೆಯ ಕಿಟ್ಟೆಲರ ಪ್ರತಿಮೆಯನ್ನು ಚಿಕ್ಕಂದಿನಿಂದ ಕಂಡವನು. ಯಾರೋ ಇಂಗ್ಲಿಷ್ ದೊರೆಯದೆಂದು ಭಾವಿಸಿದ್ದನಂತೆ.

ಟ್ಯೂಬಿಂಗೆನ್ ವಿದ್ಯೆಯ ಊರು. ಅಲ್ಲಿನ ವಿಶ್ವವಿದ್ಯಾನಿಲಯ 1477ರಲ್ಲಿ ಸ್ಥಾಪಿತವಾದುದು. ಜ್ಯೋತಿಶ್ಶಾಸ್ತ್ರಜ್ಞ ಕೆಪ್ಲರ್ ಅಲ್ಲಿ ಓದಿದನು. ಗುಡ್ಡದ ಮೇಲಿನ ಕೋಟೆಯ ಹಳೆಯ ಅಡುಗೆಮನೆಯನ್ನು ಪ್ರಯೋಗಶಾಲೆ ಮಾಡಿಕೊಂಡು, ಜೀವಕೋಶದ ಒಳಗಿನ ಆನುವಂಶಿಕ ದ್ರವ್ಯವನ್ನು 1869ರಲ್ಲಿ ಮೀಶರ್ ಮೊದಲು ಬೇರ್ಪಡಿಸಿದ್ದೂ ಅಲ್ಲಿಯೇ. ಅದೇ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಮಹಾಗಜದ ದಂತದಿಂದ ಕೆತ್ತಿದ ಬೆರಳುದ್ದದ ಕುದುರೆಯೊಂದಿದೆ. ಅದರ ವಯಸ್ಸು ಸುಮಾರು ನಲವತ್ತು ಸಾವಿರ ವರ್ಷ. ಹೊಳೆಯ ಅಂಚಿನಲ್ಲಿ ಹಳದಿಯ ಗೋಪುರ. ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡ ಕವಿ ಹೋಲ್ಡರ್ಲಿನ್ ಅಲ್ಲಿ ಬಡಗಿಯೊಬ್ಬನ ಮನೆಯವರ ಆರೈಕೆಯಲ್ಲಿ 1807ರಿಂದ 1843ರವರೆಗೆ, ಮೂವತ್ತಾರು ವರ್ಷ, ಬದುಕಿದನು. ಕವಿಯ ಹೆಸರಿನೊಂದಿಗೆ ಆ ಬಡಗಿಯ ಹೆಸರನ್ನೂ, ತ್ಸಿಮ್ಮರ್ ಎಂಬುದನ್ನು, ಊರು ಮರೆತಿಲ್ಲ. ಹೊಳೆಯಲ್ಲಿ ಉದ್ದನೆಯ ಗಳುವಿನಿಂದ ನೂಕುವ ಚಪ್ಪಟೆ ದೋಣಿಗಳು ತೇಲುತ್ತವೆ. ಐವರೂ ಬಾಡಿಗೆಯನ್ನು ವಿಚಾರಿಸಿ, ಕೃತಜ್ಞತೆ ಹೇಳಿ, ದಂಡೆಯಲ್ಲಿ ನಿಂತು ಚಿತ್ರ ತೆಗೆದುಕೊಂಡರು.

ಆದರೆ ಅಕ್ಕ ಬಂದದ್ದು ಕೋಶದ ಋಣಕ್ಕಾಗಿ. ‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯಲ್ಲಿ ಎರಡು ಬೇರೆ ದಾರಿಗಳುಂಟು. ಈ ಊರಿನಲ್ಲಿ ಅವೆರಡೂ ಒಂದೆಡೆ ಕೂಡಿವೆ. ಇಲ್ಲಿಯ ಸಂಸ್ಕೃತದ ಅಧ್ಯಾಪಕ ರೂಡಾಲ್ಫ್ ರೋಟ್ ಪಂಡಿತನು ಬೋಟ್ಲಿಂಕನೊಡನೆ ರಚಿಸಿದ ಸಂಸ್ಕೃತ ಮಹಾಕೋಶವು 1855ರಿಂದ 1875ರವರೆಗೆ ಏಳು ಸಂಪುಟಗಳಲ್ಲಿ ಪೀಟರ್ಸ್‌ಬರ್ಗಿನಲ್ಲಿ ಅಚ್ಚಾಯಿತು. ಕಾಶ್ಮೀರದ ಭೂರ್ಜಪತ್ರದ ಮೇಲೆ ಶಾರದಾಲಿಪಿಯಲ್ಲಿ ಬರೆದ ಪೈಪ್ಪಲಾದ ಶಾಖೆಯ ಅಥರ್ವವೇದದ ಪ್ರತಿ ಇಲ್ಲಿಯ ಗ್ರಂಥಭಂಡಾರದಲ್ಲಿದೆ. 1901ರಲ್ಲಿ ಅದರ ಛಾಯಾಪ್ರತಿ ಪ್ರಕಟವಾಯಿತು. ಮಲೆಯಾಳದ ಕೋಶಕಾರ ಗುಂಡರ್ಟರ ಪುಸ್ತಕಗಳೂ ಕಾಗದಪತ್ರಗಳೂ ಇಲ್ಲಿಗೆ ಸೇರಿವೆ. ಕಿಟ್ಟೆಲರಾದರೋ, ಒಮ್ಮೆ ಸ್ವದೇಶಕ್ಕೆ ಮರಳಿದ್ದವರು ಕೋಶಕಾರ್ಯಕ್ಕಾಗಿ ಐವತ್ತು ದಾಟಿದ ಮೇಲೆ 1883ರಲ್ಲಿ ಪುನಃ ಭಾರತಕ್ಕೆ ಬಂದರು. ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಆ ಗ್ರಂಥ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು; 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು; 1903ರಲ್ಲಿ ಆ ಊರಿನಲ್ಲಿಯೇ ಅವರು ದೇಹಬಿಟ್ಟರು.

ಇಷ್ಟನ್ನು ದಾರಿಯುದ್ದಕ್ಕೂ ಹೇಳುತ್ತ ಅಕ್ಕ ಎಲ್ಲರನ್ನೂ ಗ್ರಂಥಭಂಡಾರಕ್ಕೆ ಕರೆದೊಯ್ದಳು. ಹಸ್ತಪ್ರತಿಗಳನ್ನು ಹಾಗೆ ಕೇಳಿದ ಕೂಡಲೇ ತೋರಿಸುವ ವಾಡಿಕೆ ಎಲ್ಲಿಯೂ ಇಲ್ಲ. ಮೊದಲೇ ಬರೆದು ಅನುಮತಿ ಪಡೆಯದೆ ಶನಿವಾರ ಮಧ್ಯಾಹ್ನ ಬಂದ ಐವರು ಯಂತ್ರಶಾಸ್ತ್ರದ ವಿದ್ಯಾರ್ಥಿಗಳಿಗೆ ಭೂರ್ಜಪತ್ರದ ದರ್ಶನವಾಗಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕುಳಿತು, ಆ ಭಂಡಾರದವರೇ ಲೋಕಕ್ಕೆಲ್ಲ ತೆರೆದಿಟ್ಟಿರುವ ಗುಂಡರ್ಟ್ ಸಂಗ್ರಹದ ಹಳೆಯ ಕನ್ನಡ ಮುದ್ರಣಗಳನ್ನು ಫೋನಿನಲ್ಲಿ ನೋಡಿದರು. “ಇದನ್ನ ರೂಮಿನಾಗ ಕುಂತು ನೋಡಬಹುದಿತ್ತಲ್ಲಕ್ಕಾ” ಎಂದನು ಗದಗಿನವನು. ಮಾತು ನಿಜವೇ, ಆದರೂ ರೂಮಿನಲ್ಲಿ ಕುಳಿತು ಒಂದು ವರ್ಷದಲ್ಲಿ ಒಬ್ಬನೂ ನೋಡಿರಲಿಲ್ಲ. ಅವನು ಮತ್ತೆ, “ಇವರಿಗೆಲ್ಲ ಪರೀಕ್ಷಾದ ಗಡುವು ಇರಲಿಲ್ಲ ಬಿಡ್ರಿ, ಇಪ್ಪತ್ತು ವರ್ಷ ಬರಕೋತ ಕುಂತರೂ ನಡೀತಿತ್ತು” ಎಂದನು. ಎಲ್ಲರೂ ನಕ್ಕರು, ಮೈಸೂರಿನವನು ನಗಲಿಲ್ಲ.

ರಾತ್ರಿ ಗೆಳತಿಯ ಕೋಣೆಯಲ್ಲಿ ಆರು ಮಂದಿ ನೆಲದ ಮೇಲೆ ಕುಳಿತರು. ಪುಳಿಯೋಗರೆಯ ಗೊಜ್ಜು ಮೈಸೂರಿನದು, ರೊಟ್ಟಿ ಗದಗಿನದು, ಮೊಸರು ಜರ್ಮನಿಯದು. ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುವವರು ಒಬ್ಬರ ಅಂಕವನ್ನು ಒಬ್ಬರು ಕೇಳುವುದಿಲ್ಲ. ಕೇಳಿದರೂ ಸುಳ್ಳು ಹೇಳಲು ಅಲ್ಲಿ ಅನುಕೂಲವುಂಟು, ಪಾಠದ ಗಂಟೆ ಆಯಿತೆಂದು ಎದ್ದುಬಿಡಬಹುದು. ಅನ್ಯರ ಊರಿನಲ್ಲಿ, ಅನ್ಯರ ಕೋಣೆಯಲ್ಲಿ, ಎದ್ದು ಹೋಗಲು ಸ್ಥಳವಿಲ್ಲದಾಗ ಮಾತು ಬೇರೆಯಾಗುತ್ತದೆ. ದೀಪ ಆರಿಸಿದ ಮೇಲೆ ಮೈಸೂರಿನವನು, ತಾನು ದ್ರವಚಲನಶಾಸ್ತ್ರದಲ್ಲಿ ಎರಡನೆಯ ಬಾರಿಯೂ ತೇರ್ಗಡೆಯಾಗಲಿಲ್ಲವೆಂದು ಮೆಲ್ಲನೆ ಹೇಳಿದನು. ಜರ್ಮನಿಯ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಒಂದು ಪರೀಕ್ಷೆಯನ್ನು ಇಷ್ಟೇ ಸಲ ಬರೆಯಬಹುದೆಂಬ ನಿಯಮವುಂಟು. ಕಡೆಯ ಅವಕಾಶವೂ ತಪ್ಪಿದರೆ ಆ ವ್ಯಾಸಂಗವೇ ಮುಗಿಯಿತು. ಇವರಿಗೆ ಇದ್ದುದು ಮೂರು ಸಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಗೋಡೆಯ ಬದಿಯಿಂದ ಗದಗಿನವನ ಧ್ವನಿ ಕೇಳಿಸಿತು: “ನಂದೂ ಅದ ಕತಿ.”

ಒಂದೇ ಪತ್ರಿಕೆಯಲ್ಲಿ ಸೋತ ಇಬ್ಬರು ಆರು ವಾರ ಒಂದೇ ಅಡುಗೆಮನೆಯಲ್ಲಿ ಅನ್ನ ಬೇಯಿಸಿಕೊಂಡಿದ್ದರು; ಒಬ್ಬನಿಗೆ ಇನ್ನೊಬ್ಬನ ಸಂಗತಿ ತಿಳಿದಿರಲಿಲ್ಲ. ಮೈಸೂರಿನವನ ಮನೆಯಲ್ಲಿ ವಿಷಯ ಗೊತ್ತಿತ್ತು. ಗದಗಿನವನು ಮಾತ್ರ ಪ್ರತಿ ಭಾನುವಾರ ತಂದೆಗೆ “ಎಲ್ಲಾ ಚಲೋ ಐತ್ರಿ” ಎನ್ನುತ್ತಿದ್ದನು.

ಮರುದಿನ ಊರು ನಿಶ್ಶಬ್ದವಾಗಿತ್ತು. ಅಂಗಡಿಗಳಿಗೆ ಬೀಗ, ಇಗರ್ಜಿಯ ಗಂಟೆ, ನದಿಯ ನಡುಗಡ್ಡೆಯ ಸಾಲುಮರಗಳಿಂದ ಹಳದಿ ಎಲೆಗಳು ಉದುರುತ್ತಿದ್ದುವು. ನೆಕ್ಕರಿನ ದಂಡೆಯ ಗೋಡೆಯ ಮೇಲೆ ಆ ಊರಿನ ವಿದ್ಯಾರ್ಥಿಗಳು ಕಾಲು ಇಳಿಬಿಟ್ಟು ಕೂರುವುದು ವಾಡಿಕೆ. ಅಲ್ಲಿ ಕುಳಿತಿದ್ದಾಗ ಹತ್ತು ಗಂಟೆಯ ಸುಮಾರಿಗೆ ಗದಗಿನವನ ಫೋನು ಬಾರಿಸಿತು. ಊರಿನಲ್ಲಿ ಆಗ ಮಧ್ಯಾಹ್ನ ಒಂದೂವರೆ. ತಂದೆ ಶೇಂಗಾ ಕಿತ್ತು ಹೊಲದಿಂದ ಊಟಕ್ಕೆ ಬಂದಿದ್ದರು. ಹುಡುಗನು ಎದ್ದು ಹತ್ತು ಹೆಜ್ಜೆ ಆಚೆಗೆ ಹೋದನು. ಮೈಸೂರಿನವನು ಕರೆಯದಿದ್ದರೂ ಹಿಂದೆ ಹೋಗಿ, ನಾಲ್ಕು ಹೆಜ್ಜೆ ಬಿಟ್ಟು ನಿಂತುಕೊಂಡನು.

“ಊಟ ಆತೇನಪಾ?” ಎಂದರು ತಂದೆ. ಆಯಿತೆಂದನು. ಮಳೆ, ಎತ್ತು, ಶೇಂಗಾದ ಧಾರಣೆ ಆದುವು. ಆಮೇಲೆ ಹುಡುಗನು, “ಅಪ್ಪಾ, ಒಂದು ಪರೀಕ್ಷಾ ಹೋಗೈತ್ರಿ. ಎರಡು ಸಲ ಹೋಗೈತಿ. ಇನ್ನ ಒಂದು ಸಲ ಕುಂದರಬಹುದು. ಮುಗಿಯೋದು ಆರು ತಿಂಗಳು ತಡ ಆಗ್ತೈತ್ರಿ” ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟನು. ಅತ್ತಣಿಂದ ಬಹಳ ಹೊತ್ತು ಮಾತು ಬರಲಿಲ್ಲ. ಕೊಟ್ಟಿಗೆಯ ಕಡೆಯಿಂದ ಎಮ್ಮೆಯ ಕೂಗು ಮಾತ್ರ ಕೇಳಿಸುತ್ತಿತ್ತು. ಕಡೆಗೆ ತಂದೆ, “ಆರು ತಿಂಗಳಿಗೆ ಎಷ್ಟು ಬೇಕಾಗ್ತೈತಿ, ಲೆಕ್ಕಾ ಹಾಕಿ ಹೇಳು. ನಿಮ್ಮವ್ವಗ ಈಗ ಹೇಳಬ್ಯಾಡ, ನಾ ಹೇಳತೇನಿ” ಎಂದರು.

ಅವನು ಗೋಡೆಯ ಬಳಿಗೆ ಮರಳಿ ಬಂದಾಗ ಯಾರೂ ಏನೂ ಕೇಳಲಿಲ್ಲ. ಅಕ್ಕ ಉಳಿದಿದ್ದ ರೊಟ್ಟಿಯನ್ನು ಮುರಿದು ಅವನ ಕೈಗಿತ್ತಳು. ಮಧ್ಯಾಹ್ನದ ಬಂಡಿ ಹದಿನೆಂಟು ನಿಮಿಷ ತಡವಾಗಿ ಬಂತು. ಜರ್ಮನಿಯ ರೈಲುಗಳ ಸಮಯನಿಷ್ಠೆಯ ಖ್ಯಾತಿ ಈಗ ಪುಸ್ತಕಗಳಲ್ಲಿ ಮಾತ್ರ ಉಳಿದಿದೆ. ಬುಧವಾರದಿಂದ ದಿನಕ್ಕೆ ಎರಡು ಗಂಟೆ ಹಳೆಯ ಪ್ರಶ್ನಪತ್ರಿಕೆಗಳನ್ನು ಕೂಡಿ ಬಿಡಿಸುವುದೆಂದು ಇಬ್ಬರೂ ನಿಶ್ಚಯಿಸಿದರು. ಬೆಂಗಳೂರಿನವನು ಆ ವಿಷಯದಲ್ಲಿ ಗಟ್ಟಿಗ, ತಾನೂ ಬರುವೆನೆಂದನು. ಮಂಗಳೂರಿನ ಹುಡುಗಿ ಈ ಸಲ ಎಸ್ಲಿಂಗೆನ್ನನ್ನು ತಪ್ಪದೆ ನೋಡಬೇಕೆಂದು ಕಿಟಕಿಯ ಬಳಿ ಕುಳಿತಿದ್ದಳು. ಎದುರಿಗೆ ಗದಗಿನವನು ಚೀಲವನ್ನು ತಬ್ಬಿಕೊಂಡು, ಆ ಊರು ಬರುವುದಕ್ಕೆ ಬಹು ಮೊದಲೇ ನಿದ್ರೆಹೋಗಿದ್ದನು.