ಕೆರೆಯ ದಂಡೆಯ ರಾತ್ರಿಗಳು

ನಮ್ಮ ತರಗತಿಯಲ್ಲಿ ಒಂದು ದಿನ ಅಂಬಿಗರ ಚೌಡಯ್ಯನ ವಚನಗಳ ಪಾಠ ನಡೆದಿತ್ತು. ಚೌಡಯ್ಯನು ಹನ್ನೆರಡನೆಯ ಶತಮಾನದ ಶರಣ. ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಗಿರುವ ಚೌಡಯ್ಯದಾನಪುರವು ಅವನ ಹೆಸರನ್ನು ಹೊತ್ತ ಊರು. ಅಂದರೆ ನಮ್ಮ ಜಿಲ್ಲೆಯವನೇ. ಗುರುಗಳು ಪಾಠದ ನಡುವೆ ಪುಸ್ತಕ ಮಡಿಚಿ, "ನಿಮ್ಮಲ್ಲಿ ನೀರಿನ ಕಸುಬು ಬಲ್ಲವರು ಯಾರಾದರೂ ಇದ್ದೀರಾ?" ಎಂದು ಕೇಳಿದರು. ನಾನು ಬಲಗೈಯನ್ನು ಮೆಲ್ಲಗೆ ಬೆಂಚಿನ ಕೆಳಗೆ ಇಳಿಸಿಕೊಂಡೆ. ಹಿಂದಿನ ರಾತ್ರಿಯೆಲ್ಲ ಕೆರೆಯ ದಂಡೆಯಲ್ಲಿ ಕಳೆದು ಬಂದ ಕೈ ಅದು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೆ, ಒಲೆಯ ಬೂದಿ ಹಚ್ಚಿ ತಿಕ್ಕಿದ್ದೆ. ಆದರೆ ಮೀನಿನ ವಾಸನೆಯೆಂಬುದು ಸಾಲ ಕೊಟ್ಟವನ ಹಾಗೆ. ಹೋದಂತೆ ಮಾಡಿ ಮತ್ತೆ ಬಂದು ನಿಲ್ಲುತ್ತದೆ. ಯಾರೂ ಕೈ ಎತ್ತಲಿಲ್ಲ. ಪಾಠ ಮುಂದುವರಿಯಿತು. ಅಂದು ಹೇಳದೆ ಉಳಿದದ್ದನ್ನು ಈ ಸಂಚಿಕೆಯ ನೆವದಿಂದ ಹೇಳುತ್ತಿದ್ದೇನೆ.

ನಮ್ಮದು ಹಾನಗಲ್ಲ ತಾಲೂಕಿನ ಒಂದು ಸಣ್ಣ ಹಳ್ಳಿ. ಹಾನಗಲ್ಲೆಂದರೆ ಹೊರಗಿನವರಿಗೆ ತಾರಕೇಶ್ವರ ಗುಡಿ ನೆನಪಾಗುತ್ತದೆ. ನಮಗೆ ನೆನಪಾಗುವುದು ಕೆರೆಗಳು. ಮಲೆನಾಡು ಮುಗಿದು ಬಯಲುಸೀಮೆ ಸುರುವಾಗುವ ಈ ಸೆರಗಿನಲ್ಲಿ ಭತ್ತದ ಗದ್ದೆಗಳೂ ಅವುಗಳ ತಲೆಗೊಂದು ಕೆರೆಯೂ ಸಾಮಾನ್ಯ ನೋಟ. ಹಾನಗಲ್ಲಿನ ಆನೆಕೆರೆ, ಸವಣೂರಿನ ಮೋತಿ ತಲಾಬ, ಹಿರೇಕೆರೂರಿನ ದುರ್ಗಾದೇವಿ ಕೆರೆ ಇವೆಲ್ಲ ಹೆಸರಾದವು. ಹಿರೇಕೆರೂರಂತೂ ಹೆಸರಿನಲ್ಲಿಯೇ ಕೆರೆಯನ್ನು ಇಟ್ಟುಕೊಂಡ ಊರು. ಅವುಗಳ ಮುಂದೆ ನಮ್ಮೂರ ಕೆರೆ ಲೆಕ್ಕಕ್ಕೆ ಬರುವಂಥದಲ್ಲ. ಆದರೆ ನಮ್ಮ ಮನೆಯ ಎಷ್ಟೋ ಲೆಕ್ಕಗಳು ಅದರ ದಂಡೆಯ ಮೇಲೆಯೇ ಆಗುತ್ತಿದ್ದವು.

ತಂದೆ ತೀರಿದ ಮೇಲೆ ನಮ್ಮನ್ನು ನೋಡಿಕೊಂಡವನು ನನ್ನ ಸೋದರಮಾವ. ಹಗಲು ಕೂಲಿ, ರಾತ್ರಿ ಗಾಳ, ಇವೆರಡೇ ಅವನ ದಿನಚರಿ. ಅವನ ಸಾಮಾನು ನೋಡಿದರೆ ನಗು ಬರಬೇಕು. ಎರಡು ಬಿದಿರ ಕೋಲು, ನೈಲಾನ ದಾರ, ಜೋಳದ ದಂಟಿನ ಬೆಂಡು, ಸೀಸದ ಚೂರು, ಒಂದು ಡಬ್ಬಿಯಲ್ಲಿ ಎರೆಹುಳು, ಇನ್ನೊಂದರಲ್ಲಿ ಸಣ್ಣ ಕಪ್ಪೆಗಳು. ಇಷ್ಟರ ಮೇಲೆ ಒಂದು ವಿಶೇಷವಿತ್ತು. ಹಿಂದೆ ಮನೆಯಲ್ಲಿದ್ದ ಎತ್ತಿನ ಕೊರಳಸರದಿಂದ ಬಿಚ್ಚಿದ ಒಂದು ಗೆಜ್ಜೆಯನ್ನು ಕೋಲಿನ ತುದಿಗೆ ಕಟ್ಟಿರುತ್ತಿದ್ದ. ಕತ್ತಲಲ್ಲಿ ಬೆಂಡು ಕಾಣುವುದಿಲ್ಲ. ಮೀನು ಜಗ್ಗಿದರೆ ಗೆಜ್ಜೆಯೇ ಹೇಳಬೇಕು. ಎತ್ತು ಮಾರಿ ವರ್ಷಗಳಾಗಿದ್ದರೂ ಅದರ ಗೆಜ್ಜೆ ಹೀಗೆ ದುಡಿಯುತ್ತಲೇ ಇತ್ತು.

ರಾತ್ರಿಯ ಕೆರೆಯನ್ನು ಹಗಲು ನೋಡಿದವರು ಗುರುತಿಸಲಾರರು. ಹಗಲಲ್ಲಿ ಅದು ದನ ತೊಳೆಯುವ, ಅರಿವೆ ಒಗೆಯುವ ನೀರು. ರಾತ್ರಿ ಒಂಬತ್ತು ದಾಟಿತೆಂದರೆ ಅದು ಉಸಿರಾಡತೊಡಗುತ್ತದೆ. ಇದು ಅಲಂಕಾರದ ಮಾತಲ್ಲ. ಕೊರವ ಮೀನು (ಕೆಲವು ಕಡೆ ಕುಚ್ಚು ಎನ್ನುತ್ತಾರೆ) ನೀರಿನಲ್ಲಿದ್ದರೂ ಗಾಳಿ ಕುಡಿಯಲು ಮೇಲೆ ಬರಲೇಬೇಕು. ಬಂದಾಗ 'ಗುಳುಕ್' ಎಂದು ಸಪ್ಪಳವಾಗುತ್ತದೆ. ಮಾವ ಕಣ್ಣು ಮುಚ್ಚಿ ಕೂತು ಈ ಸಪ್ಪಳಗಳನ್ನು ಎಣಿಸುತ್ತಿದ್ದ. "ಆಪಿನ ಬುಡಕ ಒಂದೈತಿ. ಕಲ್ಲಿನ ಕಡೆ ಎರಡದಾವ" ಎನ್ನುವನು. ನನಗೆ ಎಲ್ಲವೂ ಕಪ್ಪೆಯ ಸಪ್ಪಳದ ಹಾಗೆಯೇ ಕೇಳಿಸುತ್ತಿತ್ತು. ಟಾರ್ಚು ಹಚ್ಚಲು ಅಪ್ಪಣೆಯಿಲ್ಲ, ಮೊಬೈಲು ತೆಗೆಯಲು ಮೊದಲೇ ಇಲ್ಲ. ಬೀಡಿಯನ್ನು ಕೂಡ ಅವನು ಅಂಗೈಯ ಮರೆಯಲ್ಲಿ ಸೇದುತ್ತಿದ್ದ. ಗೆಜ್ಜೆ ನುಡಿದಾಗ ಮಾತ್ರ ಆ ಮುದುಡಿದ ಮನುಷ್ಯ ಹುಲಿಯಂತೆ ಎದ್ದು ನಿಲ್ಲುವನು.

ಕೊರವದ ದೊಡ್ಡ ಗುಣವೆಂದರೆ ಅದು ಬೇಗ ಸಾಯುವುದಿಲ್ಲ. ಸ್ವಲ್ಪ ನೀರಿದ್ದ ಕೊಡದಲ್ಲಿ ಇಟ್ಟು ಬಾಯಿಗೆ ಬಟ್ಟೆ ಕಟ್ಟಿದರೆ ಸವಣೂರಿನವರೆಗೆ ಬಸ್ಸಿನಲ್ಲಿ ಜೀವಂತ ಹೋಗುತ್ತದೆ. ಅಲ್ಲಿಯ ಗಿರಾಕಿಗಳು ಒದ್ದಾಡುವ ಕೊರವವನ್ನು ಕಂಡರೆ ಚೌಕಾಶಿ ಕಡಿಮೆ ಮಾಡುತ್ತಿದ್ದರು. ಉಳಿದದ್ದು ಶಿಗ್ಗಾಂವಿಯ ಸಂತೆಗೆ ಹೋಗುತ್ತಿತ್ತು. ನನ್ನ ಪುಸ್ತಕ, ಬಸ್ ಪಾಸು, ಮೊದಲ ವರ್ಷದ ಶುಲ್ಕ ಎಲ್ಲವೂ ಆ ಕೊಡದೊಳಗಿಂದ ಬಂದವು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ: ಕೆರೆಯ ಮೀನು ಯಾರದು? ನಮ್ಮ ರಾಜ್ಯದಲ್ಲಿ 40 ಹೆಕ್ಟೇರಿಗೆ ಮೇಲ್ಪಟ್ಟ ಕೆರೆಗಳ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಗೆ, ಅದಕ್ಕಿಂತ ಚಿಕ್ಕವುಗಳದು ಗ್ರಾಮ ಪಂಚಾಯತಿಗೆ. ಹಕ್ಕನ್ನು ಗುತ್ತಿಗೆಗೆ ಕೊಡುತ್ತಾರೆ. ಗುತ್ತಿಗೆ ಹಿಡಿದವರು ಮಳೆಗಾಲದಲ್ಲಿ ಕಾಟ್ಲಾ, ರೋಹು, ಮೃಗಾಲಗಳ ಮರಿ ತಂದು ಬಿಡುತ್ತಾರೆ. ಇವು ಉತ್ತರದ ದೊಡ್ಡ ನದಿಗಳ ಮೀನುಗಳು. ನಿಂತ ನೀರಿನಲ್ಲಿ ಬೆಳೆಯುತ್ತವೆ, ಆದರೆ ಮೊಟ್ಟೆಯಿಡುವುದಿಲ್ಲ. 1957ರ ಜುಲೈ 10ರಂದು ಒರಿಸ್ಸಾದ ಅಂಗುಲದಲ್ಲಿ ಹೀರಾಲಾಲ ಚೌಧುರಿ ಎಂಬ ವಿಜ್ಞಾನಿಗಳು ಈ ಜಾತಿಯ ಮೀನಿಗೆ ಮಿದುಳಿನ ಗ್ರಂಥಿಯ ರಸವನ್ನು ಚುಚ್ಚಿ ಮೊಟ್ಟೆ ಇಡಿಸಿದರು. ಅಲ್ಲಿಂದ ಮುಂದೆ ಹೊಳೆಯಲ್ಲಿ ಮರಿ ಹುಡುಕುವ ಕಷ್ಟ ತಪ್ಪಿ, ಬೀಜದ ಭತ್ತದ ಹಾಗೆ ಮೀನಿನ ಮರಿಯೂ ಕೊಂಡು ತರುವ ವಸ್ತುವಾಯಿತು. ಕೊರವದ ಕಥೆ ಬೇರೆ. ಅದನ್ನು ಯಾರೂ ನಮ್ಮ ಕೆರೆಗೆ ತಂದು ಬಿಡಲಿಲ್ಲ. ತಾನೇ ಆಪಿನ ನಡುವೆ ಗೂಡು ಮಾಡಿ ಮೊಟ್ಟೆಯಿಡುತ್ತದೆ; ಗಂಡು ಹೆಣ್ಣು ಕೂಡಿ ಮರಿ ಕಾಯುತ್ತವೆ. ಕೆಂಪು ಮರಿಗಳ ಹಿಂಡು ಕಂಡ ಕಡೆ ಮಾವ ಗಾಳ ಹಾಕುತ್ತಿರಲಿಲ್ಲ.

ಗುತ್ತಿಗೆದಾರರಿಗೂ ಗಾಳದವರಿಗೂ ಒಂದು ಬಾಯಿಮಾತಿನ ಕರಾರಿತ್ತು. ಬಲೆ ಕೂಡದು, ಗಾಳ ಹಾಕಬಹುದು. ಸಿಕ್ಕ ಕೊರವ, ಚೇಳುಮೀನು, ಬಾಳೆಮೀನು ಹಿಡಿದವನಿಗೆ; ಬಿತ್ತಿದ ಮೀನು ಸಿಕ್ಕರೆ ಮರಳಿ ನೀರಿಗೆ. ಇದು ಧರ್ಮಕ್ಕೆ ಕೊಟ್ಟ ಸವಲತ್ತೇನೂ ಅಲ್ಲ. ಕೊರವ ಗುತ್ತಿಗೆಯ ಮರಿಗಳನ್ನು ನುಂಗುವ ಮೀನು. ಅದನ್ನು ಹಿಡಿದಷ್ಟೂ ಅವರಿಗೆ ಲಾಭವೇ. ಹೀಗೆ ಎರಡೂ ಕಡೆಯ ಹೊಟ್ಟೆ ಹೊಂದಿಕೊಂಡು ಬಹಳ ವರ್ಷ ನಡೆದಿತ್ತು. ಮಾವ ಮಾತ್ರ ಆ ಕರಾರನ್ನು ಕೋರ್ಟಿನ ಕಾಗದದಂತೆ ಪಾಲಿಸುತ್ತಿದ್ದ. ರೋಹು ಸಿಕ್ಕಿದಾಗ ಗಾಳ ಬಿಡಿಸಿ, "ಹೋಗಪಾ, ನೀ ಸಾಹುಕಾರ್ರವ" ಎಂದು ನೀರಿಗೆ ಇಳಿಸುತ್ತಿದ್ದ. ಅದನ್ನು ನೋಡಿ ನನಗೆ ಹೊಟ್ಟೆಯುರಿಯುತ್ತಿತ್ತು.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಿದ ವರ್ಷ ಅದು. ಮರುವರ್ಷ ಏಪ್ರಿಲಿನ ಹೊತ್ತಿಗೆ ನಮ್ಮ ಕೆರೆ ನಡುವೆ ಒಂದು ಹೊಂಡವಾಗಿ ಉಳಿಯಿತು. ಗುತ್ತಿಗೆದಾರರು ಬಲೆಯವರಿಗೆ ಹೇಳಿಕಳಿಸಿ ದಾರಿ ಕಾಯುತ್ತಿದ್ದರು. ನನ್ನ ಪರೀಕ್ಷೆಯ ಶುಲ್ಕ ಕಟ್ಟಲು ಉಳಿದದ್ದು ನಾಲ್ಕು ದಿನ.

ಆ ರಾತ್ರಿ ಮಾವ ದಣಿದಿದ್ದ. ಮೂರು ಗಂಟೆಯ ಮೇಲೆ ಕಂಬಳಿ ಹೊದ್ದು ಏರಿಯ ಮೇಲೆಯೇ ಮಲಗಿಬಿಟ್ಟ. ನಾನು ಕೋಲು ಕಾಯುತ್ತ ಕೂತೆ. ಬೆಳಕು ಹರಿಯುವುದಕ್ಕೆ ಇನ್ನೂ ಒಂದು ತಾಸು ಇರುವಾಗ ನೀರಿನ ಮೇಲೆಲ್ಲ ಸಣ್ಣ ಸಪ್ಪಳ ಎದ್ದಿತು. ಟಾರ್ಚು ಹಚ್ಚಿದೆ. ಬಿತ್ತಿದ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಕಾರಣವನ್ನು ಆಮೇಲೆ ವಿಜ್ಞಾನ ಓದುವ ಮಿತ್ರನೊಬ್ಬ ತಿಳಿಸಿದ. ಪಾಚಿ ಹಗಲಲ್ಲಿ ನೀರಿಗೆ ಪ್ರಾಣವಾಯು ಕೊಡುತ್ತದೆ, ರಾತ್ರಿ ತಾನೇ ಅದನ್ನು ಬಳಸುತ್ತದೆ. ಹೀಗಾಗಿ ನೀರಿನಲ್ಲಿ ಪ್ರಾಣವಾಯು ಎಲ್ಲಕ್ಕಿಂತ ಕಡಿಮೆಯಾಗುವುದು ಬೆಳಗಿನ ಜಾವಕ್ಕೆ. ಕೊರವಕ್ಕೆ ಇದರ ಗೊಡವೆಯಿಲ್ಲ, ಅದು ಗಾಳಿ ಕುಡಿಯಬಲ್ಲದು. ಕಾಟ್ಲಾಗಳಿಗೆ ಅದು ಸಾಧ್ಯವಿಲ್ಲ.

ನನ್ನ ಮುಂದೆಯೇ, ಮೊಣಕಾಲುದ್ದದ ನೀರಿನಲ್ಲಿ, ದೊಡ್ಡ ತಲೆಯ ಒಂದು ಕಾಟ್ಲಾ ತೇಲುತ್ತಿತ್ತು. ನಾನು ನೀರಿಗೆ ಇಳಿದೆ. ಗಾಳವೂ ಬೇಕಾಗಲಿಲ್ಲ. ಎರಡು ಕೈಯಿಂದ ಎದೆಗೆ ಅವಚಿಕೊಂಡು ದಂಡೆಗೆ ತಂದೆ. ನಾಲ್ಕು ಕಿಲೋ ಸಹಜವಾಗಿ ಇದ್ದೀತು. ಹಸಿ ಗೋಣಿಚೀಲದಲ್ಲಿ ಸುತ್ತಿ ಜಾಲಿಯ ಬುಡದಲ್ಲಿ ಮುಚ್ಚಿಟ್ಟು, ಬಂದು ಮೊದಲಿನ ಹಾಗೆಯೇ ಕೂತೆ. ಎದೆ ಹೊಡೆದುಕೊಳ್ಳುತ್ತಿತ್ತು, ಅದರ ನಡುವೆಯೂ ಮನಸ್ಸು ಕಿಲೋಕ್ಕೆ ಎಷ್ಟು ಎಂದು ಗುಣಿಸುತ್ತಿತ್ತು.

ಮಾವ ಎದ್ದವನು ಬೀಡಿ ಹಚ್ಚಲು ಕಡ್ಡಿ ಗೀರಿದ. ಆ ಬೆಳಕಿನಲ್ಲಿ ನನ್ನ ಅಂಗಿಯ ಮೇಲೆ ಏನೋ ಹೊಳೆಯಿತು. ಅವನು ಎರಡು ಬೆರಳಿನಿಂದ ಅದನ್ನು ಬಿಡಿಸಿ ನೋಡಿದ. ರೂಪಾಯಿಯಷ್ಟಗಲದ ಹುರುಪೆ.

"ಏನಿದು ಅಳಿಯಾ?"

"ಕೊರವದ್ದು ಮಾಮಾ."

"ಕೊರವಕ್ಕ ಇಷ್ಟ ದೊಡ್ಡ ಹುರುಪಿ ಯಾವಾಗ ಬಂದ್ವು?"

ನಾನು ಜಾಲಿಯ ಕಡೆ ನೋಡಿದೆ. ನೋಡಬಾರದಿತ್ತು. ಅವನು ಹೋಗಿ ಚೀಲ ಬಿಚ್ಚಿದ. ಮೀನು ಅಷ್ಟರಲ್ಲಿ ಸತ್ತಿತ್ತು.

"ಹೆಂಗೂ ಸಾಯೂದಿತ್ತು ಮಾಮಾ. ಬಾಯಿ ಬಿಡಾಕತ್ತಿತ್ತು" ಎಂದೆ.

"ಮಂದಿ ಎತ್ತ ಸಾಯಾಕತ್ತಿದ್ರ ಬಿಚ್ಚಿಕೊಂಡ ಬರ್ತಿದ್ದಿ ಏನ?" ಎಂದ. ಅದರ ಮೇಲೆ ಒಂದು ಮಾತಾಡಲಿಲ್ಲ.

ಬೆಳಗಾದ ಮೇಲೆ ಇಬ್ಬರೂ ಏರಿಯ ಆ ತುದಿಯ ಗುಡಿಸಲಿಗೆ ಹೋದೆವು. ಮಾವ ಮೀನನ್ನು ಗುತ್ತಿಗೆದಾರರ ಮುಂದಿಟ್ಟು, "ನಮ್ಮ ಹುಡುಗ ತಗದಾನ್ರಿ. ತಪ್ಪಾಗೇತಿ" ಎಂದ. ಅವರು ನಕ್ಕರು. "ಒಂದ ಮೀನಕ್ಕ ಏನ್ ಮಾರಾಯಾ, ತಗೊಂಡ ಹೋಗು" ಎಂದರು. ಮಾವ ತೆಗೆದುಕೊಳ್ಳಲಿಲ್ಲ. ನಾನು ಮಾತ್ರ ಹಗುರಾದೆ, ಮುಗಿಯಿತೆಂದು ತಿಳಿದೆ. ಎರಡು ದಿನದ ಮೇಲೆ ಕಾವಲಿನವನು ಮನೆಗೆ ಬಂದು, ಇನ್ನು ಮುಂದೆ ಗಾಳವೂ ಬೇಡವೆಂದು ಸಾಹುಕಾರರು ಹೇಳಿದ್ದಾರೆ ಎಂದ. ಮಾವ "ಆತು" ಎಂದ.

ಗುತ್ತಿಗೆದಾರರನ್ನು ನಾನು ಬಹಳ ದಿನ ಮನಸ್ಸಿನಲ್ಲಿ ಬೈದೆ. ಈಗ ಬೈಯುವುದಿಲ್ಲ. ಮರಿಗೆ ದುಡ್ಡು ಹಾಕಿ, ಗುತ್ತಿಗೆಗೆ ದುಡ್ಡು ಕಟ್ಟಿ, ಬರಗಾಲದಲ್ಲಿ ಮೀನು ಬಾಯಿ ಬಿಡುವುದನ್ನು ನೋಡುತ್ತ ಕೂತ ಮನುಷ್ಯ ಅವರು. ಒಬ್ಬನಿಗೆ ಕ್ಷಮಿಸಿದರೆ ನಾಳೆ ಹತ್ತು ಜನ ಹೊಂಡಕ್ಕೆ ಇಳಿದಾರೆಂದು ಅವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ನಾನು ಕದ್ದದ್ದು ಒಂದು ಕಾಟ್ಲಾ. ಹೋದದ್ದು ಮಾವನ ಕೆರೆ.

ಶುಲ್ಕದ ಮಾತು ಉಳಿಯಿತು. ಮಾವ ಯಾರಲ್ಲೋ ಕೈಗಡ ತಂದು ಕೊನೆಯ ದಿನ ನನ್ನ ಕೈಗಿಟ್ಟ. ಅದನ್ನು ತೀರಿಸಲು ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿಯ ಚೀಲ ಹೊರಲು ಹೋದ. ಹನ್ನೆರಡು ದಿನಗಳ ಮೇಲೆ ಬಂದಾಗ ಕಣ್ಣು ಕೆಂಡದಂತಾಗಿದ್ದವು, ಕೆಮ್ಮಿ ಕೆಮ್ಮಿ ಮಾತು ನಿಂತುಹೋಗಿತ್ತು. ತಾಯಿ ಅವನ ಅಂಗಿಗಳನ್ನು ಹಿತ್ತಲಲ್ಲಿ ಮೂರು ಸಲ ಒಗೆದಳು. ಒಗೆಯುತ್ತ ತಾನೂ ಸೀನಿದಳು. ನಾನು ಒಳಗೆ ಪರೀಕ್ಷೆಗೆ ಓದುತ್ತಿದ್ದೆ. ಅಂಬಿಗರ ಚೌಡಯ್ಯನ ಮೇಲೆ ಒಂದು ಪ್ರಶ್ನೆ ಬಂದೀತೆಂದು ಬಾಯಿಪಾಠ ಮಾಡುತ್ತಿದ್ದೆ. ಬರಲಿಲ್ಲ.

2024ರ ಮಳೆಗಾಲ ಚೆನ್ನಾಗಿ ಆಯಿತು. ಕೆರೆ ತುಂಬಿತು, ಹೊಸ ಮರಿಗಳು ಬಂದು ಬಿದ್ದವು. ಕೊರವವೂ ಇದ್ದೇ ಇದೆ, ಕೆಸರಿನಲ್ಲಿ ಹೇಗೋ ಜೀವ ಹಿಡಿದುಕೊಂಡಿದ್ದೀತು. ರಾತ್ರಿ ಏರಿಯ ಮೇಲೆ ಹಾದು ಬಂದರೆ ಆ ಸಪ್ಪಳ ಈಗ ನನಗೂ ಗುರುತು ಸಿಗುತ್ತದೆ. ಮಾವ ಈಗ ಸೈಕಲ್ಲು ತುಳಿದು ವರದಾ ನದಿಯ ದಂಡೆಗೆ ಹೋಗುತ್ತಾನೆ. ದೂರದ ದಾರಿ. ಹೊಳೆಯ ಮೀನಿನ ರೀತಿ ಬೇರೆ, ಹರಿಯುವ ನೀರಿನಲ್ಲಿ ಕಿವಿ ಕೆಲಸಕ್ಕೆ ಬರುವುದಿಲ್ಲವೆಂದು ತಾಯಿಯ ಮುಂದೆ ಹೇಳುತ್ತಿದ್ದ. ಒಮ್ಮೆ ನಾನು, "ನಾನೂ ಬರ್ಲೇನ ಮಾಮಾ?" ಎಂದು ಕೇಳಿದೆ. "ಓದೂದಿಲ್ಲೇನ?" ಎಂದ. ಇದೆ ಎಂದೆ. ಅವನು ಹೋದ.

ಹೋದ ವಾರ ಕಾಲೇಜಿನಿಂದ ಬಂದಾಗ ಸೈಕಲ್ಲು ಅಂಗಳದಲ್ಲಿ ನಿಂತಿತ್ತು. ಹಿಂದಿನ ಕ್ಯಾರಿಯರಿಗೆ ಒಂದು ಕೋಲಿನ ಬದಲು ಎರಡು ಕೋಲು ಕಟ್ಟಿದ್ದವು. ಗೆಜ್ಜೆ ಎರಡನೆಯದರ ತುದಿಗಿತ್ತು. ಮಾವ ಒಳಗೆ ಊಟಕ್ಕೆ ಕೂತಿದ್ದ. ನನ್ನ ಕಡೆ ನೋಡಲಿಲ್ಲ. ನಾನು ಚೀಲ ಕೆಳಗಿಟ್ಟು, ಎರೆಹುಳು ಅಗೆಯಲು ಸಲಿಕೆ ತೆಗೆದುಕೊಂಡು ಹಿತ್ತಲಿಗೆ ಹೋದೆ.