ಒಂದಿಂಚು ಖಾಲಿ

ಒಲೆಗೂ ಗೋಡೆಗೂ ಆಗಿಬರುವುದಿಲ್ಲವೆಂದು ನನಗೆ ಗೊತ್ತಾದದ್ದು ಅರವತ್ತೇಳನೆಯ ವಯಸ್ಸಿನಲ್ಲಿ, ಅದೂ ಅಮೆರಿಕದ ವರ್ಮಾಂಟ್‌ನಲ್ಲಿ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಒಲೆ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಗುತ್ತದೆಂದು ತೋರಿಸುವುದೇ ಕಷ್ಟವಿತ್ತು. ಎರಡೂ ಒಂದೇ ಗುಂಡಿಯ ಮಣ್ಣು. ಬಚ್ಚಲೊಲೆಗೆ ತುರುಕಿದ ಹಾಳೆ, ಸೋಗೆ, ಅಡಕೆ ಸಿಪ್ಪೆ ದಿನವೆಲ್ಲ ಉರಿದರೂ ಗೋಡೆಗೆ ಆಗುತ್ತಿದ್ದುದೆಂದರೆ ಮೈಬಣ್ಣ ಕಪ್ಪಾಗುವುದು. ಅದನ್ನೂ ಅಮ್ಮ ನೀರು ತುಂಬುವ ಹಬ್ಬದ ಮುನ್ನಾದಿನ ಕೆಮ್ಮಣ್ಣು ಬಳಿದು ಮರೆಸಿಬಿಡುತ್ತಿದ್ದಳು.

ಮಗಳ ಮನೆಯ ಗೋಡೆ ಬೇರೆ ಜಾತಿಯದು. ಮರದ ಕಂಬ ನಿಲ್ಲಿಸಿ, ಹೊರಗೆ ಹಲಗೆ ಹೊಡೆದು, ಒಳಗೆ ಜಿಪ್ಸಂ ಹಲಗೆ ಬಡಿದು, ನಡುವೆ ಹತ್ತಿಯಂಥದ್ದೇನೋ ತುಂಬಿದರೆ ಅದೇ ಗೋಡೆ. ಬೆರಳಿನಿಂದ ತಟ್ಟಿದರೆ ಡೊಳ್ಳಿನ ಸದ್ದು. ಈ ಡೊಳ್ಳಿನ ಪಕ್ಕದಲ್ಲಿ ಎರಕದ ಕಬ್ಬಿಣದ ಸೌದೆ ಒಲೆ ಕೂರಿಸಬೇಕೆಂದು ಅಳಿಯ ಹೊರಟಾಗ ನಾನು ಹಿರಿಯನಾಗಿ ಸಲಹೆ ಕೊಟ್ಟೆ: "ಗೋಡೆಗೆ ಟೈಲ್ಸ್ ಅಂಟಿಸಿಬಿಡು, ಆಯ್ತು."

"ಅಂಟಿಸಿದ್ರೆ ಏನೂ ಉಪಯೋಗ ಇಲ್ಲ ಮಾವ. ಟೈಲ್ಸ್ ಕಾದ್ರೆ ಹಿಂದಿನ ಹಲಗೆ ಕಾಯುತ್ತೆ, ಹಲಗೆ ಕಾದ್ರೆ ಕಂಬ ಕಾಯುತ್ತೆ. ಜಿಪ್ಸಂಗೂ ಮೇಲಿರೋದು ಕಾಗದವೇ ಅಲ್ವಾ?"

ಅಲ್ಲಿಯ ನಿಯಮ ನಮ್ಮಜ್ಜಿಯ ಮಡಿಗಿಂತ ಬಿಗಿ. ಪ್ರಯೋಗಾಲಯದಲ್ಲಿ ಪರೀಕ್ಷೆಯಾಗದ ಒಲೆಯಾದರೆ ಉರಿಯಬಲ್ಲ ಗೋಡೆಯಿಂದ 36 ಇಂಚು ದೂರ ಕೂರಬೇಕು. ಮೂರಡಿ! ಅಜ್ಜಿಯೂ ಹೆಚ್ಚುಕಡಿಮೆ ಅಷ್ಟೇ ದೂರದಿಂದ ನಮಗೆ ಕೋಡುಬಳೆ ಎಸೆಯುತ್ತಿದ್ದಳು. ಆದರೆ ಅಳಿಯನ ಕೋಣೆ ಚಿಕ್ಕದು. ಮೂರಡಿ ಬಿಟ್ಟರೆ ಒಲೆ ನಟ್ಟನಡುವೆ ಬಂದು, ಮನೆಮಂದಿ ಹೋಮಕುಂಡದ ಸುತ್ತ ಪ್ರದಕ್ಷಿಣೆ ಹಾಕಬೇಕಾಗುತ್ತಿತ್ತು.

ಅದಕ್ಕೊಂದು ಉಪಾಯವಿದೆ, ಕೇಳಿದರೆ ನಗು ಬರುವಷ್ಟು ಸುಲಭದ್ದು. 24 ಗೇಜಿನ ಒಂದು ತಗಡನ್ನು ಗೋಡೆಗೆ ತಾಗದಂತೆ, 1 ಇಂಚು ಈಚೆಗೆ ನಿಲ್ಲಿಸುವುದು. ಹಿಡಿದಿಡಲು ಪಿಂಗಾಣಿಯ ಪುಟ್ಟ ಗುಬಟುಗಳು. ಅವೂ ಒಲೆಯ ನೇರ ಹಿಂದೆ ಬರಕೂಡದು. ತಗಡಿನ ಕೆಳಗೂ ಮೇಲೂ ತೆರೆದಿರಬೇಕು. ತಗಡು ಕಾದಾಗ ಹಿಂದಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಕೆಳಗಿನಿಂದ ತಣ್ಣನೆಯದು ನುಗ್ಗುತ್ತದೆ. ಶಾಖ ಗೋಡೆ ಮುಟ್ಟುವ ಮೊದಲೇ ದಾರಿ ತಪ್ಪಿ ಸೂರಿನ ಕಡೆ ಹೋಗುತ್ತದೆ. ಇಷ್ಟಕ್ಕೇ 36 ಇಂಚು 12ಕ್ಕೆ ಇಳಿಯುತ್ತದೆ. ಅದೇ ಮೂರೂವರೆ ಇಂಚು ದಪ್ಪದ ಇಟ್ಟಿಗೆಯನ್ನು ಸಂದು ಬಿಡದೆ ಗೋಡೆಗೆ ಒತ್ತಿ ಕಟ್ಟಿದರೆ 24ಕ್ಕಿಂತ ಕೆಳಗಿಳಿಯುವಂತಿಲ್ಲ. ಅಷ್ಟು ಇಟ್ಟಿಗೆ ಮಾಡಲಾಗದ ಕೆಲಸವನ್ನು ಏನೂ ಇಲ್ಲದ ಒಂದಿಂಚು ಮಾಡುತ್ತದೆ. ಮಣ್ಣಿನ ಗೋಡೆಗಳ ನಡುವೆ ಬೆಳೆದ ನನಗೆ ಇದನ್ನು ನಂಬಲು ಎರಡು ದಿನ ಬೇಕಾಯಿತು.

ಅಮೆರಿಕದಲ್ಲಿ ಈ ಎಚ್ಚರ ಹಳೆಯದೇ. ಪೆನ್ಸಿಲ್ವೇನಿಯಾದ ಒಲೆಯ ಬಗ್ಗೆ 1744ರಲ್ಲಿ ಪುಸ್ತಿಕೆ ಬರೆದ ಬೆಂಜಮಿನ್ ಫ್ರಾಂಕ್ಲಿನ್, ಅದಕ್ಕೂ ಮೊದಲೇ, 1736ರಲ್ಲಿ, ಫಿಲಡೆಲ್ಫಿಯಾದಲ್ಲಿ ಬೆಂಕಿ ಆರಿಸುವವರ ಸಂಘ ಕಟ್ಟಿದ್ದ. ಮೊದಲು ಬೆಂಕಿ ಆರಿಸುವವರು, ಆಮೇಲೆ ಒಲೆ: ಮರದ ಮನೆಗಳಲ್ಲಿರುವವರಿಗೆ ಇದೇ ಸರಿಯಾದ ಕ್ರಮ.

ನನ್ನನ್ನು ಹೆದರಿಸಿದ್ದು ಮಾತ್ರ ಅಳಿಯ ಆಮೇಲೆ ಹೇಳಿದ್ದು. ಮರಕ್ಕೆ ಬೆಂಕಿ ಹತ್ತಲು ಜ್ವಾಲೆ ತಾಗಲೇಬೇಕೆಂದಿಲ್ಲ. ವರ್ಷಗಟ್ಟಲೆ ಸುಮ್ಮನೆ ಕಾಯುತ್ತಿದ್ದ ಮರ ಒಳಗೊಳಗೇ ಇದ್ದಿಲಾಗುತ್ತ ಹೋಗುತ್ತದೆ. ಹಾಗಾದ ಮರ ಹಸನಾದ ಮರಕ್ಕಿಂತ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ. ಹತ್ತು ಚಳಿಗಾಲ ಏನೂ ಆಗದ ಗೋಡೆ ಹನ್ನೊಂದನೆಯದಕ್ಕೆ ಉರಿಯಬಹುದು. ನಮ್ಮ ಅಡಕೆ ಬೇಯಿಸುವ ಒಲೆಯ ಪಕ್ಕ ಅಟ್ಟ ಹೊತ್ತ ಕಂಬವೊಂದಿತ್ತು. ಒಂದು ಮಗ್ಗುಲು ಉಜ್ಜಿದರೆ ಕೈಗೆ ಮಸಿ ಬರುವಷ್ಟು ಕರಕಲು. "ಹೊಗೆ ತಿಂದ ಮರ, ಗೆದ್ದಲು ಮುಟ್ಟೋದಿಲ್ಲ" ಎಂದು ಅಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದ. ಅದರ ಮೇಲಿನ ಅಟ್ಟದ ತುಂಬ ಒಣ ಸೋಗೆ. ನಾವು ಮಕ್ಕಳು ಮಲಗುತ್ತಿದ್ದುದು ಪಕ್ಕದ ಕೋಣೆಯಲ್ಲಿ.

ಈಗ ಮಲೆನಾಡಿನ ಹೋಂಸ್ಟೇಗಳಲ್ಲಿ ಪ್ಲೈವುಡ್ ಹೊದಿಸಿದ ಗೋಡೆಗೆ ಒರಗಿಸಿ ಅಗ್ಗಿಷ್ಟಿಕೆ ಇಡುವುದನ್ನು ಕಂಡಿದ್ದೇನೆ. ನಿಮ್ಮದೂ ಹಾಗಿದ್ದರೆ ಈ ಸಲ ಸೌದೆ ತುರುಕುವ ಮೊದಲು ಟೇಪು ಹಿಡಿದು ಅಳೆದು ನೋಡಿ.